ಕಿತ್ತೂರಿನ ಕಾಗದ ಕಾಲಾಘೋಡಾದಲ್ಲಿ

ಈ ಸಲದ ವಿಡಿಯೊದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹದಲ್ಲಿ ಕೊಡ್ತಾ ಇದ್ದೇನೆ. ಕ್ಯಾಮೆರಾ ಮುಂದೆ ಕೂತಾಗ ಒಂದೆರಡು ವಿಷಯ ಬಿಟ್ಟುಹೋಗಿತ್ತು, ಅವನ್ನು ಸೇರಿಸಿದ್ದೇನೆ. ಓದೋದಕ್ಕೆ ಹತ್ತು ನಿಮಿಷ ಸಾಕು.

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಕಿತ್ತೂರಿನ ಚೆನ್ನಮ್ಮನ ಕಾಲದ ಸರಕಾರಿ ಪತ್ರಗಳನ್ನು ಮೂಲದಲ್ಲೇ ಓದಬೇಕು ಅಂತ ನಿಮಗೆ ಅನ್ನಿಸಿದರೆ ಎಲ್ಲಿಗೆ ಹೋಗ್ತೀರಿ? ಕಿತ್ತೂರಿಗೆ? ಬೆಳಗಾವಿಗೆ? ಧಾರವಾಡಕ್ಕೆ? ಬೆಂಗಳೂರಿಗೆ? ನಾನು ಹೇಳೋದು, ಚರ್ಚ್‌ಗೇಟ್‌ನಲ್ಲಿ ಇಳಿದು ಕಾಲಾಘೋಡಾ ಕಡೆಗೆ ನಡೆಯಿರಿ. ಜಹಾಂಗೀರ್ ಆರ್ಟ್ ಗ್ಯಾಲರಿಯ ಎದುರಿಗೆ ಒಂದು ಹಳೆಯ ಕಲ್ಲಿನ ಕಟ್ಟಡ ಕಾಣುತ್ತೆ. ಎಲ್ಫಿನ್‌ಸ್ಟನ್ ಕಾಲೇಜು ಅಂತ ಎಲ್ಲರಿಗೂ ಗೊತ್ತು. 1888ರಲ್ಲಿ ಪೂರ್ತಿಯಾದ ಆ ಕಟ್ಟಡದ ಒಳಗೇ ಮಹಾರಾಷ್ಟ್ರ ರಾಜ್ಯದ ಪತ್ರಾಗಾರ ಇದೆ. ಗ್ಯಾಲರಿಯ ಫುಟ್‌ಪಾತಿನಲ್ಲಿ ಚಿತ್ರ ನೋಡುತ್ತಾ ನಿಲ್ಲುವ ಎಷ್ಟೋ ಮುಂಬಯಿ ಕನ್ನಡಿಗರಿಗೆ ತಮ್ಮ ಬೆನ್ನ ಹಿಂದೆ, ರಸ್ತೆಯಾಚೆ, ತಮ್ಮ ಮುತ್ತಜ್ಜನ ಊರಿನ ಕಂದಾಯದ ಲೆಕ್ಕ ಇರಬಹುದು ಅನ್ನೋದೇ ತಿಳಿದಿರೋದಿಲ್ಲ.

ಹೇಗೆ ಬಂತು ಅಲ್ಲಿಗೆ? ಉತ್ತರ ಸುಲಭ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಧಾರವಾಡದ ಸೀಮೆ ಕಂಪನಿಯ ಕೈಗೆ ಬಂತು. ಕ್ರಮೇಣ ಮುಂಬಯಿ ಪ್ರಾಂತ್ಯದ ಭಾಗವಾಯಿತು. ಧಾರವಾಡ, ಬೆಳಗಾವಿ, ವಿಜಾಪುರ ಹೀಗೆ ಬಂದರೆ, ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ವರ್ಗವಾಯಿತು. ಅದರ ಕಾರಣ ಮಜವಾಗಿದೆ, ಮುಂದೆ ಹೇಳ್ತೇನೆ. 1956ರ ನವೆಂಬರ್ 1ರ ತನಕ ಈ ನಾಲ್ಕು ಜಿಲ್ಲೆಗಳ ಸರಕಾರ ಅಂದರೆ ಮುಂಬಯಿ. ಒಬ್ಬ ಕಲೆಕ್ಟರ ಕೆರೆ ದುರಸ್ತಿಗೆ ದುಡ್ಡು ಕೇಳಲಿ, ಒಬ್ಬ ದೇಸಾಯಿ ದತ್ತಕಕ್ಕೆ ಒಪ್ಪಿಗೆ ಕೇಳಲಿ, ದೊಡ್ಡ ವಿಷಯವಾದರೆ ಕಾಗದ ಕೊನೆಗೆ ಇಲ್ಲಿಗೇ ಬರಬೇಕು. ಬಂದ ಕಾಗದವನ್ನು ಕಟ್ಟಿಡೋದಕ್ಕೆ ಅಂತಲೇ 1821ರಲ್ಲಿ ಒಂದು ರೆಕಾರ್ಡ್ ಆಫೀಸು ಆಯಿತು. ಇವತ್ತಿನ ಪತ್ರಾಗಾರದ ಬೇರು ಅದೇ. ಅಲ್ಲಿನ ತೀರ ಹಳೆಯ ಕಾಗದ ಸೂರತ್ತಿನ ಇಂಗ್ಲಿಷ್ ಕೋಠಿಯದು, 1630ರದು.

ಈಗ ಕಿತ್ತೂರು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡರು. ಸಾಯುವ ಮೊದಲು ದತ್ತು ತೆಗೆದುಕೊಂಡರು ಅಂತ ಮನೆಯವರು ಹೇಳಿದರು. ಧಾರವಾಡದ ಕಲೆಕ್ಟರ ಥ್ಯಾಕರೆ ನಂಬಲಿಲ್ಲ. ಅಕ್ಟೋಬರ್ 23ಕ್ಕೆ ಕೋಟೆಯ ಬಾಗಿಲಲ್ಲಿ ಥ್ಯಾಕರೆ ಹತನಾದ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಇದು ನಮಗೆಲ್ಲ ಗೊತ್ತಿರುವ ಕಥೆ. ಆದರೆ ಗಮನಿಸಿ, ಇಡೀ ಜಗಳ ಹುಟ್ಟಿದ್ದೇ ಒಂದು ಕಾಗದದ ಮೇಲೆ. ದತ್ತಕದ ಪತ್ರ ನಿಜವೋ ಸುಳ್ಳೋ, ದೇಸಾಯಿ ಪ್ರಜ್ಞೆ ಇದ್ದಾಗ ಬರೆಸಿದ್ದೋ, ಹೋದ ಮೇಲೆ ಬರೆದದ್ದೋ. ಡೆಕ್ಕನ್ನಿನ ಕಮಿಷನರ ಚಾಪ್ಲಿನ್ ಮತ್ತು ಮುಂಬಯಿ ಸರಕಾರದ ನಡುವೆ ಓಡಾಡಿದ ಪತ್ರಗಳಲ್ಲಿ ಚೆನ್ನಮ್ಮ ಒಬ್ಬ ‘ಸಮಸ್ಯೆ’. ಆಕೆಯನ್ನು ಏನು ಮಾಡಬೇಕು, ಎಲ್ಲಿ ಇಡಬೇಕು, ಆಸ್ತಿ ಎಷ್ಟು ಸಿಕ್ಕಿತು, ಅದನ್ನು ಯಾವ ಲೆಕ್ಕಕ್ಕೆ ಹಾಕಬೇಕು. ಆಗಿನ ಗವರ್ನರು ಯಾರು ಅಂದರೆ ಎಲ್ಫಿನ್‌ಸ್ಟನ್. ಅವರ ಹೆಸರಿನ ಕಾಲೇಜಿನಲ್ಲೇ ಇವತ್ತು ಅವರ ಸರಕಾರದ ಕಾಗದಪತ್ರ ಇದೆ. ಯಾರೂ ಯೋಜಿಸಿ ಮಾಡಿದ್ದಲ್ಲ, ಹಾಗೇ ಆಗಿಬಿಟ್ಟಿದೆ.

ಈ ಕಾಗದದ ಬಲ ಏನು ಅಂತ ಚೆನ್ನಾಗಿ ಅರ್ಥ ಮಾಡಿಕೊಂಡವನು ಸಂಗೊಳ್ಳಿ ರಾಯಣ್ಣ ಅಂತ ನನಗನ್ನಿಸುತ್ತೆ. ಐದು ವರ್ಷದ ನಂತರ ಅವನು ದಂಡು ಕಟ್ಟಿಕೊಂಡು ಎದ್ದಾಗ ಮೊದಲೇ ಬೆಂಕಿ ಬಿದ್ದದ್ದು ಬೀಡಿಯ ಸರಕಾರಿ ಕಚೇರಿಗೆ. ಕಚೇರಿ ಸುಟ್ಟರೆ ಅದರೊಳಗಿನ ದಫ್ತರವೂ ಹೋಯಿತು ಅಂತಲೇ ಅರ್ಥ. ಯಾವ ಹೊಲ ಯಾರದು, ಯಾರು ಎಷ್ಟು ಬಾಕಿ ಅಂತ ಹೇಳೋದು ಅದೇ ತಾನೆ. ಇತಿಹಾಸ ಓದುವ ನಮ್ಮಂಥವರಿಗೆ ಸುಟ್ಟ ದಫ್ತರ ಅಂದರೆ ಸಂಕಟ. ಅವನಿಗೆ, ಅವನ ಜೊತೆ ಹೋದ ರೈತನಿಗೆ, ಅದು ಬಿಡುಗಡೆ. ಎರಡೂ ನಿಜ. ಮುಂದೆ 1852ರ ಕಾಯಿದೆಯಿಂದ ಅಧಿಕಾರ ಪಡೆದ ಇನಾಮ್ ಕಮಿಷನ್ ಇದೇ ಸೀಮೆಯಲ್ಲಿ ಮನೆಮನೆಯ ಸನದುಗಳನ್ನು ಕೇಳಿತು. ಅಜ್ಜ ಹೇಳಿದ ಮಾತು ನಡೆಯೋದಿಲ್ಲ, ಬರಹ ತೋರಿಸು ಅಂತ. ತೋರಿಸಲಾರದವರ ಇನಾಮು ಹೋಯಿತು. 1858ರಲ್ಲಿ ನರಗುಂದ, ಮುಂಡರಗಿ ಕಡೆ ಬೆಂಕಿ ಹೊತ್ತಿಕೊಳ್ಳೋದಕ್ಕೆ ಈ ಸಿಟ್ಟೂ ಒಂದು ಕಾರಣ. ಕಡತದ ಕೋಣೆ ಅಂದರೆ ಧೂಳು, ಹುಳು, ನಿದ್ದೆ ಅಂತ ನಾವು ತಿಳಿದಿದ್ದೇವೆ. ಜನರು ಪ್ರಾಣ ಕೊಟ್ಟ ಜಗಳಗಳು ಅದರೊಳಗಿವೆ.

ಕಿತ್ತೂರಿನ ಕಥೆಯಲ್ಲಿ ಇನ್ನೊಬ್ಬನಿದ್ದಾನೆ. ಥ್ಯಾಕರೆಯ ಕೈಕೆಳಗೆ ವಾಲ್ಟರ್ ಎಲಿಯಟ್ ಅಂತ ಇಪ್ಪತ್ತರ ಹರೆಯದ ಒಬ್ಬ ಸಹಾಯಕ. ಅಕ್ಟೋಬರ್ 23ರಂದು ಅವನೂ, ಸ್ಟೀವನ್ಸನ್ ಅನ್ನೋ ಇನ್ನೊಬ್ಬನೂ ಕಿತ್ತೂರಿನವರಿಗೆ ಸೆರೆಸಿಕ್ಕರು. ಸುಮಾರು ಆರು ವಾರ ಕೋಟೆಯೊಳಗೆ ಇದ್ದರು. ಬಿಡುಗಡೆಯಾಗಿ ಬಂದ ಮನುಷ್ಯ ಕನ್ನಡದ ಮೇಲೆ ಹಗೆ ಸಾಧಿಸಬಹುದಿತ್ತು. ಅವನು ಮಾಡಿದ್ದು ಬೇರೆ. ಊರೂರು ತಿರುಗುವಾಗ ಗುಡಿ, ಕೆರೆ ದಂಡೆ, ಹೊಲದ ಬದುವಿನಲ್ಲಿದ್ದ ಶಾಸನಗಳನ್ನು ಪಂಡಿತರ ಕೈಯಲ್ಲಿ ನಕಲು ಮಾಡಿಸಿದ. ಆರುನೂರರ ಹತ್ತಿರ ಶಾಸನಗಳ ನಕಲು ಸೇರಿದವು. ಚಾಲುಕ್ಯರು, ಕಳಚುರಿಗಳು, ಸೇವುಣರು, ಇವರ ವಂಶಾವಳಿಗಳನ್ನು ಮೊದಲ ಬಾರಿಗೆ ಒಂದು ಸಾಲಿನಲ್ಲಿ ಜೋಡಿಸಿ 1830ರ ದಶಕದಲ್ಲೇ ಅವನು ಲೇಖನ ಬರೆದ. ಚೆನ್ನಮ್ಮನ ಕೈದಿಯಾಗಿದ್ದವನೇ ಕನ್ನಡ ಶಾಸನಗಳ ದೊಡ್ಡ ಸಂಗ್ರಾಹಕನಾದ. ಸಿನಿಮಾದಲ್ಲಿ ಹೀಗೆ ತೋರಿಸಿದರೆ ನೀವು ನಂಬೋದಿಲ್ಲ.

ಎಲಿಯಟ್ ಸಂಗ್ರಹದ ಪ್ರತಿಗಳು ಲಂಡನ್ನಿಗೂ ಎಡಿನ್‌ಬರೋಗೂ ಹೋದವು. ಆದರೆ ಆ ಕೆಲಸವನ್ನು ಮುಂದುವರಿಸಿದವನು ಮುಂಬಯಿ ಸರಕಾರದ ನೌಕರ, ಜಾನ್ ಫೇಯ್ತ್‌ಫುಲ್ ಫ್ಲೀಟ್. ಅವನ ಬರಹಗಳು ಅಚ್ಚಾದ ಒಂದು ಮುಖ್ಯ ಜಾಗ ನಿಮಗೆಲ್ಲ ಗೊತ್ತು, ಅದರ ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆಸಿಕೊಂಡಿದ್ದೀರಿ. ಹಾರ್ನಿಮನ್ ಸರ್ಕಲ್ಲಿನ ಟೌನ್ ಹಾಲ್. ಪ್ರೀ-ವೆಡ್ಡಿಂಗ್ ಶೂಟಿಂಗಿನವರ ಮಧ್ಯೆ ದಾರಿ ಮಾಡಿಕೊಂಡು ಆ ಮೂವತ್ತು ಮೆಟ್ಟಿಲು ಹತ್ತಿದರೆ ಏಷ್ಯಾಟಿಕ್ ಸೊಸೈಟಿ. 1804ರ ನವೆಂಬರ್ 26ರಂದು ಸರ್ ಜೇಮ್ಸ್ ಮ್ಯಾಕಿಂಟಾಶ್ ಪರೇಲಿನಲ್ಲಿ ಶುರು ಮಾಡಿದ ಲಿಟರರಿ ಸೊಸೈಟಿ ಇದರ ಮೊದಲ ರೂಪ. ಮೊದಮೊದಲು ಬಿಳಿಯರದ್ದೇ ಕೂಟ. ಮಾಣೆಕ್‌ಜಿ ಕರ್ಸೆಟ್‌ಜಿ ಅನ್ನುವ ಪಾರ್ಸಿ ಗೃಹಸ್ಥರು ಒಳಗೆ ಕಾಲಿಟ್ಟದ್ದು 1840ರಲ್ಲಿ. ಇಲ್ಲಿನ ಸಂಗ್ರಹ ಅಂದ ಕೂಡಲೆ ಪತ್ರಿಕೆಯವರು ಡಾಂಟೆಯ ಹಸ್ತಪ್ರತಿ, ಅಕ್ಬರನ ಚಿನ್ನದ ಮೊಹರು, ಸೋಪಾರೆಯ ಸ್ತೂಪದಲ್ಲಿ ಭಗವಾನ್‌ಲಾಲ್ ಇಂದ್ರಜಿ 1882ರಲ್ಲಿ ತೆಗೆದ ಕರಂಡಕಗಳು, 1516ರ ಸಚಿತ್ರ ಆರಣ್ಯಕಪರ್ವ, ಇವನ್ನು ಹೇಳ್ತಾರೆ. ಎಲ್ಲ ಸರಿ. ನಮಗೆ ಬೇಕಾದದ್ದು ಮಾತ್ರ ಕಪಾಟಿನಲ್ಲಿ ಸುಮ್ಮನೆ ನಿಂತಿರುವ ಸೊಸೈಟಿಯದೇ ಜರ್ನಲ್ಲು.

ಫ್ಲೀಟ್ 1867ರಲ್ಲಿ ಸಿವಿಲ್ ಸರ್ವಿಸ್ ಸೇರಿ ದಕ್ಷಿಣದ ಜಿಲ್ಲೆಗಳಿಗೆ ಬಂದ. ಕೆಲಸದ ಜೊತೆ ಹಳಗನ್ನಡ ಕಲಿತ. ಗೋವೆಯ ಕದಂಬರ ಶಾಸನಗಳು, ಸವದತ್ತಿ ಮತ್ತು ಬೆಳಗಾವಿಯ ರಟ್ಟರ ಶಾಸನಗಳು ಈ ಜರ್ನಲ್ಲಿನಲ್ಲಿ ಬಂದವು. ಆಮೇಲೆ 1872ರಲ್ಲಿ ಜೇಮ್ಸ್ ಬರ್ಜೆಸ್ ಮುಂಬಯಿಯಿಂದ ಇಂಡಿಯನ್ ಆಂಟಿಕ್ವೆರಿ ಶುರು ಮಾಡಿದ ಮೇಲೆ ಫ್ಲೀಟನ ಶಾಸನಗಳ ಮಾಲೆ ಅದರಲ್ಲಿ ವರ್ಷಗಟ್ಟಲೆ ಹರಿಯಿತು. 1882ರಲ್ಲಿ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ಅವನ ಪುಸ್ತಕ ಬಂತು. ಅದನ್ನೇ ಬೆಳೆಸಿ 1896ರ ಬಾಂಬೆ ಗೆಝೆಟಿಯರಿನ ಮೊದಲ ಸಂಪುಟದ ಎರಡನೇ ಭಾಗದಲ್ಲಿ, ರಾ. ಗೋ. ಭಾಂಡಾರಕರರ ದಖ್ಖನಿನ ಇತಿಹಾಸದ ಪಕ್ಕದಲ್ಲೇ ಹಾಕಿದರು. ಕದಂಬ, ಚಾಲುಕ್ಯ, ರಾಷ್ಟ್ರಕೂಟ ಅಂತ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಾಲು ಮೊದಲು ಗಟ್ಟಿಯಾಗಿ ನಿಂತದ್ದು ಇಂಥ ಸರಕಾರಿ ಮುದ್ರಣದ ದಪ್ಪ ಪುಸ್ತಕದಲ್ಲಿ. ಧಾರವಾಡದಲ್ಲಿ ಆಲೂರ ವೆಂಕಟರಾಯರು 1917ರಲ್ಲಿ ಕರ್ನಾಟಕ ಗತವೈಭವ ಬರೆದಾಗ, ಆ ತಲೆಮಾರಿನವರ ಮುಂದೆ ಇದ್ದ ಸಾಮಗ್ರಿ ಬಹಳ ಮಟ್ಟಿಗೆ ಇದೇ. ಆಳುವವರು ಜಿಲ್ಲೆಯ ಮಾಹಿತಿಗೆ ಅಂತ ಕಟ್ಟಿಕೊಂಡದ್ದನ್ನು ಇವರು ನಾಡಿನ ಅಭಿಮಾನಕ್ಕೆ ತಿರುಗಿಸಿಕೊಂಡರು. ಒಳ್ಳೆಯ ಕೆಲಸವೇ. ಆದರೆ ರಾಜವಂಶಗಳ ಆಚೆಗೆ ಏನಿತ್ತು ಅನ್ನೋ ಪ್ರಶ್ನೆ ಹಿಂದೆ ಬಿತ್ತು.

ಆ ಪ್ರಶ್ನೆಗೂ ಉತ್ತರದ ಒಂದು ತುಣುಕು ಫ್ಲೀಟನಲ್ಲೇ ಇದೆ. ಅದಕ್ಕೇ ಈ ಮನುಷ್ಯನನ್ನು ಬರೀ ಸಾಹೇಬ ಅಂತ ಬದಿಗಿಡೋದಕ್ಕೆ ನನಗೆ ಮನಸ್ಸು ಬರೋದಿಲ್ಲ. 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವೆರಿಯಲ್ಲಿ ಅವನು ಕನ್ನಡ ಲಾವಣಿಗಳನ್ನು ಪ್ರಕಟಿಸಲು ತೊಡಗಿದ. ರಾಯಣ್ಣನ ಲಾವಣಿ, ಹಲಗಲಿಯ ಬೇಡರ ಲಾವಣಿ, ಸಂಗ್ಯಾನ ಕೊಲೆಯ ಹಾಡು, ಇನ್‌ಕಮ್ ಟ್ಯಾಕ್ಸಿನ ಮೇಲೊಂದು ಹಾಡು! ಕನ್ನಡ ಪಾಠ ಮತ್ತು ಇಂಗ್ಲಿಷ್ ಅನುವಾದ ಸಹಿತ. ಯೋಚನೆ ಮಾಡಿ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಸರಕಾರ ಇದೇ. 1857ರಲ್ಲಿ ಆಯುಧ ಒಪ್ಪಿಸಿ ಅಂದದ್ದಕ್ಕೆ ಒಪ್ಪದ ಹಲಗಲಿಯವರ ಊರನ್ನು ಸುಟ್ಟದ್ದೂ ಇದೇ ಸರಕಾರದ ದಂಡು. ಆ ಸರಕಾರದ ಸಂಬಳ ತಿನ್ನುವ ಅಧಿಕಾರಿ, ಅದೇ ಜನರ ಹಾಡನ್ನು ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದ. ಕಾಲಾಘೋಡಾದ ಕಡತದಲ್ಲಿ ಇವರು ದಂಗೆಕೋರರು. ಹಾಡಿನಲ್ಲಿ ಅವರಿಗೆ ಹೆಸರಿದೆ, ಸಿಟ್ಟಿದೆ, ಹೆಂಡತಿ ಮಕ್ಕಳಿದ್ದಾರೆ. ಕರ್ನಾಟಕದಲ್ಲಿ ಹತ್ತನೇ ತರಗತಿ ಓದಿದ ಮಕ್ಕಳಿಗೆ ಹಲಗಲಿ ಬೇಡರ ಲಾವಣಿ ಪಠ್ಯದಿಂದ ಗೊತ್ತು. ಅದರ ಮೊದಲ ಅಚ್ಚಿನ ಜಾಡು ಹಿಡಿದು ಹೊರಟರೆ ನೀವು ಮುಂಬಯಿಯ ಒಂದು ಪತ್ರಿಕೆಗೆ ಬಂದು ತಲುಪುತ್ತೀರಿ. ಫ್ಲೀಟ್ ಯಾಕೆ ಇದನ್ನು ಮಾಡಿದ? ಭಾಷೆಯ ಮಾದರಿ ಸಿಗುತ್ತೆ ಅಂತಲೇ ಇರಬಹುದು. ಕಾರಣ ಏನೇ ಇರಲಿ, ಒಂದೇ ಘಟನೆಯ ಎರಡು ಮಗ್ಗುಲು ಈ ನಗರದಲ್ಲಿ ಒಂದು ಕಿಲೋಮೀಟರಿನ ಒಳಗೆ ಕೂತಿವೆ. ಒಂದು ಕಟ್ಟಡದಲ್ಲಿ ಆಳಿದವರ ವರದಿ, ಇನ್ನೊಂದರಲ್ಲಿ ಹಾಡಿದವರ ಮಾತು.

ಈಗ ಮಜದ ಕಾರಣಕ್ಕೆ ಬರೋಣ. ಉತ್ತರ ಕನ್ನಡ ಮುಂಬಯಿಗೆ ಯಾಕೆ ಬಂತು? ಹತ್ತಿ. ಧಾರವಾಡದ ಎರೆಭೂಮಿಯಲ್ಲಿ ಅಮೆರಿಕದ ಬೀಜದ ಹತ್ತಿಯನ್ನು 1840ರ ದಶಕದಿಂದ ಬೆಳೆಯುತ್ತಿದ್ದರು. ಅದಕ್ಕೆ ‘ಧಾರವಾಡ-ಅಮೆರಿಕನ್’ ಅಂತಲೇ ಹೆಸರು. ಅದನ್ನು ಬಂಡಿಯ ಮೇಲೆ ಘಟ್ಟ ಇಳಿಸಿ ಹಡಗಿಗೆ ಹಾಕೋದಕ್ಕೆ ಹತ್ತಿರದ ಬಂದರು ಬೇಕು. ಕಾರವಾರ ಆಗಬಹುದು, ಆದರೆ ಅದು ಮದ್ರಾಸಿನ ಕೈಯಲ್ಲಿ, ಹತ್ತಿ ಬೆಳೆಯುವ ಜಿಲ್ಲೆ ಮುಂಬಯಿಯ ಕೈಯಲ್ಲಿ. ರಸ್ತೆ ಯಾರು ಮಾಡಿಸಬೇಕು? 1861ರಲ್ಲಿ ಅಮೆರಿಕದಲ್ಲಿ ಯುದ್ಧ ಶುರುವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ನಿಂತಾಗ ಒತ್ತಡ ಜೋರಾಯಿತು. ಮರುವರ್ಷವೇ ಜಿಲ್ಲೆ ಕೈ ಬದಲಾಯಿಸಿತು. ಶಿರಸಿ, ಕುಮಟೆ, ಹೊನ್ನಾವರದವರ ಕಾಗದಗಳು ಮದ್ರಾಸಿನ ಬದಲು ಮುಂಬಯಿಗೆ ಬರಲು ತೊಡಗಿದ್ದು ಹೀಗೆ. 1862ಕ್ಕೆ ಹಿಂದಿನದು ಬೇಕಾದರೆ ನೀವು ಚೆನ್ನೈ ಕಡೆ ಹೋಗಬೇಕು. ಉತ್ತರ ಕನ್ನಡದ ಇತಿಹಾಸ ಬರೆಯುವವನಿಗೆ ಎರಡೂ ಕಡೆಯ ರೈಲು ಟಿಕೆಟ್ ಬೇಕು, ನೋಡಿ.

ಆ ಹತ್ತಿಯ ಕಾಲದಲ್ಲಿ ಮುಂಬಯಿಯಲ್ಲಿ ದುಡ್ಡಿನ ಮಳೆ. ಹತ್ತಿಯ ದಲ್ಲಾಳಿಗಳ ರಾಜ ಪ್ರೇಮಚಂದ ರಾಯಚಂದ. ರಾಜಾಬಾಯಿ ಟವರಿಗೆ ಇವರ ತಾಯಿಯ ಹೆಸರು. ಇವರ ಪೋಷಣೆಯಲ್ಲಿ ಹೊರಬಂದ ಪುಸ್ತಕ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ್ದು, 1866ರದು. ಮುಂಬಯಿ ಮೆಡಿಕಲ್ ಸರ್ವಿಸಿನ ಡಾಕ್ಟರ್ ಪಿಗೌ, ನೀಲ್, ಕರ್ನಲ್ ಬಿಗ್ಸ್ ತೆಗೆದ ಫೋಟೊಗಳು. ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರ ಬರಹ. ಫೋಟೊ ಅನ್ನೋದೇ ಹೊಸತಾಗಿದ್ದ ಕಾಲದಲ್ಲಿ ಗಾಜಿನ ಫಲಕ, ಕಾಗದ, ರಾಸಾಯನಿಕ ಹೊತ್ತುಕೊಂಡು ಬಂಡಿಯಲ್ಲಿ ಊರೂರಿಗೆ ಹೋದದ್ದು ಸಣ್ಣ ಮಾತಲ್ಲ. ಪುಸ್ತಕ ಬರುವ ಹೊತ್ತಿಗೆ ಡಾಕ್ಟರ್ ಪಿಗೌ ಬದುಕಿರಲಿಲ್ಲ. ಪ್ರೇಮಚಂದರೂ ಹಳೆಯ ಪ್ರೇಮಚಂದರಾಗಿ ಉಳಿದಿರಲಿಲ್ಲ. 1865ರ ಜುಲೈ 1ಕ್ಕೆ ಷೇರು ಮಾರುಕಟ್ಟೆ ಬಿದ್ದು ಅರ್ಧ ಮುಂಬಯಿ ದಿವಾಳಿ. ಎರೆಹೊಲದ ರೈತನಿಗೆ ಸಾಲ ಉಳಿಯಿತು, ದಲ್ಲಾಳಿಗೆ ದಿವಾಳಿ ಉಳಿಯಿತು. ಇಬ್ಬರ ಮಧ್ಯೆ ನಮಗೆ ಗುಡಿಗಳ ಫೋಟೊ ಉಳಿಯಿತು. ಹಾಗಂತ ಆ ಪುಸ್ತಕವನ್ನು ಕಡೆಗಣಿಸಬೇಡಿ. ಜೀರ್ಣೋದ್ಧಾರ, ಸಿಮೆಂಟು, ಬಣ್ಣ ಇವೆಲ್ಲ ಬರುವ ಮುಂಚೆ ನಮ್ಮ ಗುಡಿಗಳು ಹೇಗಿದ್ದವು ಅಂತ ತೋರಿಸುವ ಕಣ್ಣು ಅದು.

ಕಲಾಕೃತಿಗಳ ಕಥೆಯೂ ಇದೇ ದಾರಿಯದು. ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಮೊಟ್ಟಮೊದಲ ಋತುವಿನ ಕೆಲಸ ನಡೆದದ್ದು ಎಲ್ಲಿ ಗೊತ್ತಾ? 1874ರ ಜನವರಿಯಿಂದ ಮೇ ತನಕ, ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ. ಬರ್ಜೆಸ್ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿ ವರದಿ ಬರೆದ. ಆಗ ಐಹೊಳೆಯ ಗುಡಿಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದರು. ಲಾಡಖಾನ ಗುಡಿ ಅನ್ನೋ ಹೆಸರು ಬಂದದ್ದೇ ಅಲ್ಲಿ ವಾಸವಾಗಿದ್ದವರಿಂದ. ಮುಂದೆ ಅಲ್ಲಿಯ ಕೆಲವು ಶಿಲ್ಪಗಳು ಮುಂಬಯಿಗೆ ಬಂದವು. ಎಲ್ಫಿನ್‌ಸ್ಟನ್ ಕಾಲೇಜಿನಿಂದ ಎರಡು ನಿಮಿಷ ನಡೆದರೆ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ, ನಮ್ಮ ಹಿರಿಯರ ಬಾಯಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. 1905ರಲ್ಲಿ ಅಡಿಗಲ್ಲು, 1922ರಲ್ಲಿ ಜನರಿಗೆ ತೆರೆಯಿತು. ಅದರ ಶಿಲ್ಪಗಳ ಗ್ಯಾಲರಿಯಲ್ಲಿ ಐಹೊಳೆಯ ಗುಡಿಯೊಂದರ ಚಾವಣಿಯಿಂದ ಬಂದ ಬ್ರಹ್ಮನ ಫಲಕ ಇದೆ. ಏಳನೇ ಶತಮಾನದ್ದು. ಹಂಸದ ಮೇಲೆ ಬ್ರಹ್ಮ, ಸುತ್ತ ಋಷಿಗಳು.

ನಾನು ಅದರ ಮುಂದೆ ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. ಒಂದು ವಿಷಯ ಪ್ರತಿಸಲವೂ ತಲೆಗೆ ಬರುತ್ತೆ. ಚಾವಣಿಯ ಶಿಲ್ಪ ಅಂದರೆ ಅದನ್ನು ಕೆತ್ತಿದವನು, ನೋಡುವವನು ಕತ್ತೆತ್ತಿ ನೋಡ್ತಾನೆ, ಅರೆಬೆಳಕಿನಲ್ಲಿ ನೋಡ್ತಾನೆ ಅಂತ ಲೆಕ್ಕ ಹಾಕಿರುತ್ತಾನೆ. ಇಲ್ಲಿ ಅದು ನಮ್ಮ ಎದುರಿಗೆ ನಿಂತಿದೆ. ಮುಖ ಚೆನ್ನಾಗಿ ಕಾಣುತ್ತೆ, ಬೆರಳು ಬೆರಳು ಕಾಣುತ್ತೆ, ಆದರೆ ಆಕಾಶದಲ್ಲಿ ಇದ್ದವನು ನೆಲಕ್ಕೆ ಬಂದಿದ್ದಾನೆ. ಇದನ್ನು ಕದ್ದದ್ದು ಅಂತ ಹೇಳುವವರಿದ್ದಾರೆ, ಉಳಿಸಿದ್ದು ಅಂತ ಹೇಳುವವರೂ ಇದ್ದಾರೆ. ನನ್ನ ಅಭಿಪ್ರಾಯ: ಒಂದೇ ಸರಕಾರದ ಒಂದು ಜಿಲ್ಲೆಯಿಂದ ಅದರ ರಾಜಧಾನಿಗೆ ಬಂದದ್ದನ್ನು ಲಂಡನ್ನಿಗೆ ಹೋದದ್ದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಬೆಳಗಾವಿಯ ಕೋಟೆಯಿಂದ ಹೋದ ರಟ್ಟರ ಕಾರ್ತವೀರ್ಯನ ಕಾಲದ ಎರಡು ಶಾಸನಗಳು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ, ಶಕವರ್ಷ 1127ರವು. ಅವನ್ನು ನೋಡಲು ಬೆಳಗಾವಿಯ ಹುಡುಗನಿಗೆ ವೀಸಾ ಬೇಕು. ಮುಂಬಯಿಗೆ ಬರೋದಕ್ಕೆ ರಾತ್ರಿ ಬಸ್ಸು ಸಾಕು. ಆದರೆ 1956ರ ಮೇಲೆ ಪರಿಸ್ಥಿತಿ ಬದಲಾಯಿತು ಅನ್ನೋದನ್ನೂ ಒಪ್ಪಬೇಕು. ಐಹೊಳೆ ಈಗ ಈ ಸರಕಾರದ ಜಿಲ್ಲೆ ಅಲ್ಲ. ಚಾವಣಿಯ ಫಲಕದ ಒಂದು ಒಳ್ಳೆಯ ಅಚ್ಚುಪ್ರತಿ ಅದು ಇದ್ದ ಗುಡಿಯ ಅಂಕಣದಲ್ಲೇ, ತಲೆಯ ಮೇಲೆ ಕೂತರೆ ಯಾರಿಗೂ ನಷ್ಟವಿಲ್ಲ.

ಅದೇ ಮ್ಯೂಸಿಯಮ್ಮಿನಲ್ಲಿ ಒಂದು ಪುಟ್ಟ ಕಂಚಿನ ಬಾಹುಬಲಿ ಇದ್ದಾನೆ. ಅರ್ಧ ಮೀಟರಿನಷ್ಟು ಎತ್ತರ. ಶ್ರವಣಬೆಳಗೊಳದ ಕಡೆಯದು ಅಂತ ಹೇಳ್ತಾರೆ. ಕಾಲದ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದೆ; ಆರನೆಯ ಶತಮಾನದ ಕೊನೆಯಿಂದ ಒಂಬತ್ತನೆಯ ಶತಮಾನದ ತನಕ ಎಳೆದಾಡಿದ್ದಾರೆ. ಯಾವುದನ್ನು ಒಪ್ಪಿದರೂ ಬೆಟ್ಟದ ಮೇಲಿನ ಗೊಮ್ಮಟನಿಗಿಂತ ಇವನು ಹಿರಿಯ. ಚಾವುಂಡರಾಯ ಆ ದೊಡ್ಡ ಮೂರ್ತಿಯನ್ನು ನಿಲ್ಲಿಸಿದ್ದು 981ರ ಹೊತ್ತಿಗೆ. ಬಳ್ಳಿ ಕೈಕಾಲಿಗೆ ಸುತ್ತಿಕೊಂಡಿದೆ, ಹೆಗಲ ಮೇಲೆ ಕೂದಲು ಇಳಿದಿದೆ, ಮುಖದಲ್ಲಿ ಒಂದು ನಿರಾಳ. ಮುಂದಿನ ಸಲ ಹೋದರೆ ಐದು ನಿಮಿಷ ಅವನಿಗೆ ಕೊಡಿ.

ಸರಿ, 1956. ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ಕಾಗದಗಳು? ಇಲ್ಲಿ ಒಂದು ತಾಂತ್ರಿಕ ವಿಷಯ ಇದೆ. ಸೆಕ್ರೆಟೇರಿಯಟ್ಟಿನ ಹಳೆಯ ಸಂಪುಟಗಳನ್ನು ಕಟ್ಟಿರೋದು ಊರಿನ ಪ್ರಕಾರ ಅಲ್ಲ, ಖಾತೆಯ ಪ್ರಕಾರ, ವರ್ಷದ ಪ್ರಕಾರ. ಕಂದಾಯ, ನ್ಯಾಯ, ರಾಜಕೀಯ, ಸಾರ್ವಜನಿಕ ಕೆಲಸ ಅಂತ. ಒಂದೇ ಹೊಲಿಗೆಯಲ್ಲಿ ಖೇಡಾದ ಹೊಗೆಸೊಪ್ಪು, ರತ್ನಾಗಿರಿಯ ಖೋತಿ ಜಗಳ, ಹಾವೇರಿಯ ಕೆರೆ ಎಲ್ಲ ಇರಬಹುದು. ಹಾವೇರಿಯ ಹಾಳೆಯನ್ನು ಮಾತ್ರ ಕಿತ್ತು ಬೆಂಗಳೂರಿಗೆ ಕಳಿಸೋದಕ್ಕೆ ಆಗೋದಿಲ್ಲ. ರಾಜ್ಯಕ್ಕೆ ಗಡಿ ಎಳೆಯಬಹುದು, ಹೊಲಿದ ಪುಸ್ತಕಕ್ಕೆ ಹೇಗೆ ಎಳೀತೀರಿ? ಹಾಗಾಗಿ ಈ ಇತಿಹಾಸ ಜಂಟಿ ಖಾತೆಯಲ್ಲೇ ಉಳಿದಿದೆ.

ಇನ್ನೊಂದು ತೊಡಕು ಲಿಪಿಯದು. ಧಾರವಾಡ, ಬೆಳಗಾವಿಯ ಕಚೇರಿಗಳಲ್ಲಿ ಬಹಳ ಕಾಲ ಬರವಣಿಗೆ ನಡೆದದ್ದು ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ. ಕನ್ನಡ ಶಾಲೆಗಳಿಗೆ ಅಂತ ಡೆಪ್ಯುಟಿ ಚನ್ನಬಸಪ್ಪನವರಂಥವರು ಪಟ್ಟ ಪಾಡು ಇದೇ ಹಿನ್ನೆಲೆಯಲ್ಲಿ. ಪರಿಣಾಮ ಏನು? ಕನ್ನಡ ರೈತನ ಮಾತು ಮೋಡಿಯಲ್ಲಿ ಬರಹವಾಗಿ, ಆಮೇಲೆ ಇಂಗ್ಲಿಷಿನಲ್ಲಿ ಸಾರಾಂಶವಾಗಿ ಮುಂಬಯಿಗೆ ಬಂತು. ಈಗ ನಾವು ಹಿಂದಕ್ಕೆ ಹೋಗಬೇಕಾದರೆ ಎರಡು ಬಾಗಿಲು ತೆಗೆಯಬೇಕು. ನಮ್ಮಲ್ಲಿ ಮೋಡಿ ಓದಬಲ್ಲ ಕನ್ನಡಿಗರು ಎಷ್ಟು ಜನ? ಹಳಗನ್ನಡದ ಕಮ್ಮಟ ನಡೆಸ್ತೇವೆ, ಸಂತೋಷ. ಒಂದು ಮೋಡಿ ಕಮ್ಮಟವೂ ಆಗಬೇಕು ಅಂತ ನಾನು ವರ್ಷಗಳಿಂದ ಹೇಳ್ತಾ ಇದ್ದೇನೆ. ಕೇಳಿದವರು ತಲೆ ಅಲ್ಲಾಡಿಸಿ ಚಹಾ ಕುಡಿದು ಹೋಗ್ತಾರೆ.

ಮೊದಲು ಹೀಗಿರಲಿಲ್ಲ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಸ್ಪೇನಿನಿಂದ ಬಂದ ಫಾದರ್ ಹೆರಾಸ್ 1926ರಲ್ಲಿ ಒಂದು ಇತಿಹಾಸ ಸಂಶೋಧನ ಸಂಸ್ಥೆ ಕಟ್ಟಿದರು. ಅವರು ಮರುವರ್ಷ ಬರೆದ ದೊಡ್ಡ ಪುಸ್ತಕ ವಿಜಯನಗರದ ಅರವೀಡು ವಂಶದ ಮೇಲೆ. ಅವರ ಶಿಷ್ಯ ಜಾರ್ಜ್ ಮೊರಾಯಸ್ 1931ರಲ್ಲಿ ತಂದ ‘ಕದಂಬ ಕುಲ’ ಇವತ್ತಿಗೂ ಬನವಾಸಿಯ ಬಗ್ಗೆ ಬರೆಯುವವರು ತೆರೆಯಲೇಬೇಕಾದ ಪುಸ್ತಕ. ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ ಶುರುವಾದದ್ದೂ ಮುಂಬಯಿ ಸರಕಾರದ ಕಾಲದಲ್ಲೇ. ಅಂದರೆ ಮುಂಬಯಿಯಲ್ಲಿ ಕೂತು ಕರ್ನಾಟಕದ ಇತಿಹಾಸ ಬರೆಯೋದು ಆಗ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಈಗ ನನ್ನ ಮನಸ್ಸಿಗೆ ಚುಚ್ಚುವ ವಿಷಯ. ಸರಕಾರದ ಕಾಗದ ಸರಕಾರ ಇಟ್ಟಿದೆ. ಮುಂಬಯಿಗೆ ಬಂದು ಬಾಳಿದ ಕನ್ನಡಿಗರ ಕಾಗದ ಯಾರು ಇಟ್ಟಿದ್ದಾರೆ? ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು. ಇಂಥ ದೊಡ್ಡ ಸಂಸ್ಥೆಗಳ ಪಕ್ಕದಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಸಂಘಗಳು, ಭಜನಾ ಮಂಡಳಿಗಳು, ಯಕ್ಷಗಾನ ಮೇಳಗಳು, ರಾತ್ರಿ ಶಾಲೆಗಳು. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಏಳಕ್ಕೆ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸಿದ ಹುಡುಗರ ಹೆಸರು ಇರೋದು ಆ ಶಾಲೆಗಳ ಜನರಲ್ ರಿಜಿಸ್ಟರಿನಲ್ಲಿ. ಹುಟ್ಟಿದ ಊರು, ಹಿಂದೆ ಓದಿದ ಶಾಲೆ, ಪೋಷಕರ ಹೆಸರು, ಬಿಟ್ಟ ತಾರೀಖು, ಬಿಟ್ಟ ಕಾರಣ. ‘ಊರಿಗೆ ಹೋದ’, ‘ಕೆಲಸ ಬದಲಾಯಿತು’. ಕರಾವಳಿಯಿಂದ ಮುಂಬಯಿಗೆ ಹರಿದ ವಲಸೆಯ ಬಗ್ಗೆ ಇದಕ್ಕಿಂತ ಪ್ರಾಮಾಣಿಕ ದಾಖಲೆ ನನಗೆ ಗೊತ್ತಿಲ್ಲ. ಶಾಲೆ ಮುಚ್ಚಿದರೆ ರಿಜಿಸ್ಟರು ಎಲ್ಲಿಗೆ ಹೋಗುತ್ತೆ?

ನನಗೊಂದು ಅನುಭವ ಆಗಿದೆ. ಹೆಸರು ಬೇಡ. ಒಂದು ಹಳೆಯ ಸಂಘದ ಕೋಣೆಯನ್ನು ಬಣ್ಣ ಹೊಡೆಸೋದಕ್ಕೆ ಖಾಲಿ ಮಾಡುತ್ತಿದ್ದರು. ನಾನು ಹೋಗುವಷ್ಟರಲ್ಲಿ ಮೂರು ಗೋಣಿಚೀಲ ರದ್ದಿಯವನ ತಕ್ಕಡಿಗೆ ಏರಿ ಆಗಿತ್ತು. ನಾಟಕದ ಕರಪತ್ರ, ಸಭೆಯ ನಡಾವಳಿ ಪುಸ್ತಕ, ಚಂದಾ ರಸೀದಿಯ ಅರ್ಧಪ್ರತಿಗಳು. ಕಾರ್ಯದರ್ಶಿಗಳು ಒಳ್ಳೆಯವರೇ. ‘ಗೆದ್ದಲು ಹಿಡಿದಿತ್ತು ಮಾರಾಯ್ರೇ, ಯಾರಿಗೆ ಬೇಕು ಅದು?’ ಅಂದರು. ನಾನು ಒಂದು ಚೀಲವನ್ನು ರದ್ದಿಯ ಭಾವಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟು ವಾಪಸು ತಂದೆ. ಅದರಲ್ಲಿ ಅರ್ಧ ನಿಜವಾಗಿಯೂ ಗೆದ್ದಲೇ. ಉಳಿದರ್ಧದಲ್ಲಿ ಒಂದು ನಡಾವಳಿ ಪುಸ್ತಕ ಇತ್ತು. ಸದಸ್ಯನೊಬ್ಬನ ಶವಸಂಸ್ಕಾರಕ್ಕೆ ಇಷ್ಟು, ಅವನ ಟ್ರಂಕನ್ನು ಊರಿಗೆ ಕಳಿಸೋದಕ್ಕೆ ಇಷ್ಟು ಅಂತ ಬರೆದು ಕೆಳಗೆ ಐದು ಜನ ಸಹಿ ಮಾಡಿದ್ದರು. ಒಬ್ಬರದು ಹೆಬ್ಬೆಟ್ಟು.

ಆದ್ದರಿಂದ ಕೇಳುಗರಲ್ಲಿ ಒಂದು ವಿನಂತಿ. ನಿಮ್ಮ ಸಂಘದಲ್ಲಿ, ಮನೆಯ ಅಟ್ಟದಲ್ಲಿ ಇಂಥದ್ದು ಇದ್ದರೆ ರದ್ದಿಗೆ ಹಾಕುವ ಮುಂಚೆ ಮೊಬೈಲಿನಲ್ಲಿ ಪುಟಪುಟ ಫೋಟೊ ತೆಗೆಯಿರಿ. ಕಿಟಕಿಯ ಬೆಳಕು ಸಾಕು, ಫ್ಲ್ಯಾಶ್ ಬೇಡ. ಹರಿದದ್ದಕ್ಕೆ ಸೆಲೊಟೇಪ್ ಹಚ್ಚಬೇಡಿ, ಅದರ ಅಂಟು ಕೆಲವು ವರ್ಷಗಳಲ್ಲಿ ಕಾಗದವನ್ನೇ ತಿನ್ನುತ್ತೆ. ಹೊರಗಡೆ ಒಂದು ಚೀಟಿಯಲ್ಲಿ ಯಾವ ಸಂಘ, ಯಾವ ವರ್ಷ, ಯಾರಿಂದ ಬಂತು ಅಂತ ಬರೆದಿಡಿ. ಐಹೊಳೆಯ ಬ್ರಹ್ಮನಿಗೆ ಕೂಡ ಅಷ್ಟು ವಿವರ ಇದ್ದರೆ ಬೇಕು ಅಂತಲೇ ನಾವು ಕೇಳೋದು. ಹಳೆಯ ಗೆಝೆಟಿಯರುಗಳು, ಸೊಸೈಟಿಯ ಜರ್ನಲ್ಲು, ಇಂಡಿಯನ್ ಆಂಟಿಕ್ವೆರಿ ಇವೆಲ್ಲ ಈಗ ಇಂಟರ್‌ನೆಟ್ಟಿನಲ್ಲೇ ಸಿಗುತ್ತವೆ. ಏಷ್ಯಾಟಿಕ್ ಸೊಸೈಟಿ ತನ್ನ ಸಂಗ್ರಹದ ಸ್ಕ್ಯಾನ್ ಪ್ರತಿಗಳನ್ನು ಗ್ರಂಥ ಸಂಜೀವನಿ ಅನ್ನೋ ಹೆಸರಿನಲ್ಲಿ ಹಾಕಿದೆ. ನಿಮ್ಮ ಊರಿನ ಹೆಸರು ಹುಡುಕಿ ನೋಡಿ. ಕಾಗುಣಿತ ಮಾತ್ರ ಸಾಹೇಬರದು, ಸವದತ್ತಿ ‘ಸೌಂದತ್ತಿ’ ಆಗಿರುತ್ತೆ, ಕುಮಟೆ ‘ಕುಮ್ಟಾ’ ಆಗಿರುತ್ತೆ.

ಮುಂದಿನ ವಿಡಿಯೊದಲ್ಲಿ ಕಟ್ಟಡಗಳ ಒಳಗೆ ಕೂರೋದು ಬೇಡ, ಬೋರಿವಲಿಗೆ ಹೋಗೋಣ. ಅಲ್ಲಿನ ಕಾನ್ಹೇರಿ ಗುಹೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿರುವ ಶಾಸನಗಳಿವೆ. ಒಂದರ ಕಾಲ ಶಕ 799, ಅಂದರೆ 877ರ ಸುಮಾರು. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಅದೇ ದೊರೆ, ಅವನ ಶಿಲಾಹಾರ ಸಾಮಂತ ಕಪರ್ದಿ, ಬೌದ್ಧ ಭಿಕ್ಷುಗಳಿಗೆ ಕೊಟ್ಟ ದಾನ. ಭಾನುವಾರ ಬೆಳಿಗ್ಗೆ ಬೋರಿವಲಿ ಪೂರ್ವಕ್ಕೆ ಇಳಿದು ನ್ಯಾಷನಲ್ ಪಾರ್ಕಿನ ಗೇಟಿನ ಹತ್ತಿರ ಬನ್ನಿ. ನೀರಿನ ಬಾಟಲಿ ತನ್ನಿ, ಕಾನ್ಹೇರಿಯ ಮೆಟ್ಟಿಲುಗಳು ಟೌನ್ ಹಾಲಿನ ಮೂವತ್ತಕ್ಕಿಂತ ಬಹಳ ಜಾಸ್ತಿ.